ಮಳೆಯನ್ನರಿಯುವ ಬಿಲ್ಲೆ

ಮಳೆ ಹೊಯ್ಯುತ್ತಿರುವಾಗ ಕೊಡೆ ಹಿಡಿದು ನಿಂತು ಗಿಡಕ್ಕೆ ನೀರೆರೆಯುವವನ ಕಥೆಯನ್ನು ಹೇಳಿದರೆ ಹುಡುಗರು ನಗುವರು. ಅಂಥವನೊಬ್ಬನು ನಮ್ಮ ಸೀಮೆಯಲ್ಲಿ ಹಿಂದೆ ಇದ್ದಿರಲಾರನು. ಬಾವಿಯಿಂದ ನೀರು ಸೇದಿ, ಕೊಡಪಾನವನ್ನು ಸೊಂಟದ ಮೇಲಿರಿಸಿ ತಂದು ಮಲ್ಲಿಗೆಯ ಬುಡಕ್ಕೆ ಹೊಯ್ಯುವ ಕೈಗೆ ಮಳೆಯ ಮೊದಲ ಹನಿಯೇ ವಿಶ್ರಾಂತಿಯ ಅಪ್ಪಣೆಯಾಗಿದ್ದಿತು. ಈಗಲಾದರೋ ಆ ಮನುಷ್ಯನು ಯಂತ್ರರೂಪದಿಂದ ಹಿತ್ತಿಲು ಹಿತ್ತಿಲಲ್ಲಿ ಅವತರಿಸಿದ್ದಾನೆ. ಗೋಡೆಗೆ ತಗಲಿಸಿದ ಅಂಗೈಯಗಲದ ಒಂದು ಪೆಟ್ಟಿಗೆಯು ಬೆಳಗಿನ ಆರು ಗಂಟೆಯಾಯಿತೆಂದೊಡನೆ ಪಂಪನ್ನು ಎಬ್ಬಿಸುವುದು, ಕೊಳವೆಯ ಬಾಯನ್ನು ಬಿಡಿಸುವುದು; ಹೊರಗೆ ಸ್ವಾತಿಯ ಮಳೆಯು ಮಾಡಿನ ಹಂಚನ್ನು ಒಡೆಯುವಂತೆ ಸುರಿಯುತ್ತಿದ್ದರೂ ಅದಕ್ಕೆ ಅದರ ಪರಿವೆಯಿಲ್ಲ. ಇಪ್ಪತ್ತು ನಿಮಿಷ ಹನಿಸೆಂದು ಯಾರೋ ಒಮ್ಮೆ ಹೇಳಿಟ್ಟಿದ್ದಾರೆ. ಇಪ್ಪತ್ತು ನಿಮಿಷ ಹನಿಸಿಯೇ ತೀರುವುದು.

ಇದನ್ನು ಬರೆದ ಮಾತ್ರಕ್ಕೆ ನಾನು ಯಂತ್ರವನ್ನು ಜರೆಯುವವರ ಗುಂಪಿಗೆ ಸೇರಿದವನೆಂದು ವಾಚಕರು ಭಾವಿಸಬಾರದು. ಹೆಬಳೆಯಂಥ ಊರಿಗೆ ಅದು ಏಕೆ ಬಂದಿತೆಂಬುದು ಎಲ್ಲರೂ ಬಲ್ಲ ಸಂಗತಿ. ಮಕ್ಕಳು ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ದುಬಾಯಿಯಲ್ಲಿ ಇದ್ದಾರೆ. ಮನೆಯಲ್ಲುಳಿದವರು ಮೊಣಕಾಲು ನೋವಿನ ವೃದ್ಧರು. ನೀರು ಬಿಡಲು ಆಳು ಬೇಕೆಂದರೆ ಮೂರು ದಿನ ಮೊದಲೇ ಹೇಳಿಕಳುಹಿಸಬೇಕು, ಬಂದರೆ ಪುಣ್ಯ. ಅಂಥಲ್ಲಿ ಹನಿ ನೀರಾವರಿಯ ಸಣ್ಣ ಕೊಳವೆಗಳೂ, ಕಾಲವನ್ನು ಎಣಿಸುವ ಟೈಮರೂ ಮಗನ ಸ್ಥಾನದಲ್ಲಿ ನಿಂತು ಕೆಲಸ ಮಾಡುತ್ತಿವೆ. ಅವುಗಳಲ್ಲಿ ಇರುವ ಕೊರತೆಯೊಂದೇ: ಅವುಗಳಿಗೆ ಕಣ್ಣಿಲ್ಲ.

ಈ ಕೊರತೆಯು ಎಷ್ಟು ನಷ್ಟಕ್ಕೆ ಕಾರಣವಾಗಬಲ್ಲದೆಂಬುದನ್ನು ಎರಡು ವರ್ಷಗಳ ಹಿಂದಿನ ಕಾರ್ತಿಕದಲ್ಲಿ ಕಂಡೆನು. ನಮ್ಮ ಮನೆಯಿಂದ ಎರಡು ಹಿತ್ತಿಲುಗಳಾಚೆ ಒಬ್ಬ ಗೃಹಿಣಿಯು ಅರುವತ್ತು ಮಲ್ಲಿಗೆಯ ಗಿಡಗಳನ್ನು ನೆಚ್ಚಿಕೊಂಡು ಬಾಳುತ್ತಾಳೆ. ಭಟ್ಕಳ ಮಲ್ಲಿಗೆಯೆಂದರೆ ಮಂಗಳೂರಿನ ಪೇಟೆಯವರೆಗೂ ಹೆಸರುಳ್ಳ ಹೂವು. ಮೊಗ್ಗಾಗಿರುವಾಗಲೇ ಕೊಯ್ದು, ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಹೊತ್ತು ಮೀರುವ ಮೊದಲೇ ಕಳುಹಿಸಬೇಕು. ಹೂವಿನ ದರವು ದಿನಕ್ಕೊಂದು ತೆರನಾಗಿದ್ದರೂ, ಮದುವೆಗಳ ತಿಂಗಳುಗಳಲ್ಲಿ ಆಕೆಯ ಮನೆಯ ಅಕ್ಕಿಬೇಳೆಯೂ ಔಷಧದ ಖರ್ಚೂ ಆ ಗಿಡಗಳಿಂದಲೇ ಸಾಗುವುವು. ಮಗನು ಪರದೇಶದಿಂದ ರಜೆಯಲ್ಲಿ ಬಂದಾಗ ತಾಯಿಯ ಸೊಂಟನೋವನ್ನು ನೋಡಲಾರದೆ ಈ ಕೊಳವೆ, ಪೆಟ್ಟಿಗೆಗಳನ್ನು ಹಾಕಿಸಿಕೊಟ್ಟು ಹೋದನು. ಹಾಕಿಕೊಟ್ಟವನು ಕಾರ್ತಿಕದಲ್ಲಿಯೂ ಮಳೆ ಬರುವುದೆಂಬುದನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಆ ವರ್ಷ ಚಿತ್ತೆ, ಸ್ವಾತಿ ಎರಡು ನಕ್ಷತ್ರಗಳೂ ಧಾರಾಳವಾಗಿ ಸುರಿದುವು. ಪೆಟ್ಟಿಗೆಯೂ ಅವುಗಳೊಡನೆ ಪಂಥ ಕಟ್ಟಿದಂತೆ ದಿನವೂ ಹನಿಸಿತು.

ಒಂದು ದಿನ ಆಕೆಯು ಬೇಲಿಯ ಬಳಿಗೆ ಬಂದು, “ಮಾಸ್ತರೇ, ಗಿಡ ಎಲ್ಲ ಹಳದಿ ಬರ್ತಾ ಉಂಟು. ನೀರು ಸಾಕಾಗುದಿಲ್ಲ ಕಾಣ್ತದೆ ಅಂತ ಹತ್ತು ನಿಮಿಷ ಜಾಸ್ತಿ ಇಟ್ಟಿದ್ದೇನೆ. ಒಮ್ಮೆ ಬಂದು ನೋಡ್ತೀರಾ?” ಎಂದಳು. ಹೋಗಿ ನೋಡಿದೆನು. ಎಲೆಗಳು ಬಾಡಿ ಜೋತಿದ್ದುವು. ದೂರದಿಂದ ನೋಡುವವರಿಗೆ ಬಾಯಾರಿದ ಗಿಡವೆಂದೇ ತೋರುವುದು. ಬುಡದ ಮಣ್ಣನ್ನು ಒಂದು ಹಿಡಿ ತೆಗೆದು ಹಿಂಡಿದಾಗ ಬೆರಳುಗಳ ಸಂದಿನಿಂದ ನೀರು ಇಳಿಯಿತು. ಕೆಳಗಣ ಪಾತಿಯ ಒಂದು ಗಿಡವನ್ನು ಕಿತ್ತೆವು. ಬೇರು ಕಪ್ಪಾಗಿದ್ದಿತು, ಅದರ ಸಿಪ್ಪೆ ಕೈಗೆ ಕಳಚಿ ಬಂದಿತು. ಬೇರಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವಣ ಸಣ್ಣ ಸಣ್ಣ ಬಿರುಕುಗಳಲ್ಲಿ ಅರ್ಧ ನೀರು, ಅರ್ಧ ಗಾಳಿ ಇದ್ದರೆ ಅದು ನೀರನ್ನು ಮೇಲಕ್ಕೆ ಎಳೆಯಬಲ್ಲದು. ಗಾಳಿಯ ಎಡೆಯನ್ನೆಲ್ಲ ನೀರೇ ಆಕ್ರಮಿಸಿದರೆ ಬೇರು ಕಟ್ಟುಸಿರಾಗಿ ಕೊಳೆಯುವುದು, ಕೊಳೆತ ಬೇರು ನೀರನ್ನು ಎಳೆಯಲಾರದು, ಗಿಡವು ನೀರಿನಲ್ಲಿ ನಿಂತೇ ಬಾಯಾರಿ ಬಾಡುವುದು. ಅಜೀರ್ಣದಿಂದ ಸೊರಗಿದವನನ್ನು ಹಸಿದವನೆಂದು ತಿಳಿದು ಇನ್ನಷ್ಟು ಅನ್ನವನ್ನು ಬಡಿಸುವಂತೆ, ಇಲ್ಲಿ ಲಕ್ಷಣವು ಒಂದೇ ಆಗಿ ಕಾರಣವು ವಿಪರೀತವಾಗಿರುವುದರಿಂದ, ಗಿಡವನ್ನು ಪ್ರೀತಿಸುವವರೇ ಅದನ್ನು ಕೊಲ್ಲುವ ಸಂಭವವುಂಟು. ಆ ತಿಂಗಳು ಒಂಬತ್ತು ಗಿಡಗಳು ಹೋದುವು. ಅರುವತ್ತರಲ್ಲಿ ಒಂಬತ್ತು ಎಂದರೆ ಸಣ್ಣ ಲೆಕ್ಕವಲ್ಲ. ಹೊಸ ಗಿಡವು ಬಲಿತು ಮೊದಲಿನಂತೆ ಹೂ ಕೊಡುವುದಕ್ಕೆ ವರ್ಷಗಳೇ ಬೇಕು.

ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದವರಿಗೆ ಉತ್ಸರ್ಗ ಮತ್ತು ಅಪವಾದಗಳ ವಿಚಾರವು ತಿಳಿದೇ ಇದೆ. ಸಾಮಾನ್ಯ ವಿಧಿಯು ಉತ್ಸರ್ಗ. ವಿಶೇಷ ಸಂದರ್ಭದಲ್ಲಿ ಅದನ್ನು ತಡೆಯುವ ವಿಧಿಯು ಅಪವಾದ. ಎರಡೂ ಒಂದೇ ಎಡೆಯಲ್ಲಿ ಪ್ರಾಪ್ತವಾದರೆ ಅಪವಾದವೇ ಬಲಿಷ್ಠವು. ಟೈಮರೆಂಬುದು ಕೇವಲ ಉತ್ಸರ್ಗ. ದಿನವೂ ಆರು ಗಂಟೆಗೆ ನೀರು ಹನಿಸತಕ್ಕದ್ದು ಎಂಬ ಸೂತ್ರವನ್ನು ಬರೆದವರು, ಮಳೆ ಬಂದಲ್ಲಿ ಬಿಟ್ಟು ಎಂಬ ಅಪವಾದಸೂತ್ರವನ್ನು ಬರೆಯಲು ಮರೆತಿದ್ದಾರೆ. ಆ ಮರೆತ ಸೂತ್ರವನ್ನು ಸೇರಿಸುವ ಉಪಕರಣವೇ ಮಳೆಯ ಸೆನ್ಸಾರು.

ಆಕೆಯ ಮಗನು ಮರುವರ್ಷ ತಂದುಕೊಟ್ಟ ಅಂಥ ಒಂದು ಉಪಕರಣವನ್ನು ಬಿಚ್ಚಿ ನೋಡುವ ಅವಕಾಶವು ನನಗೆ ದೊರೆಯಿತು. ದೊಡ್ಡದೊಂದು ಯಂತ್ರವನ್ನು ನಿರೀಕ್ಷಿಸಿದ್ದವನಿಗೆ ನಗು ಬಂದಿತು. ಹೆಬ್ಬೆರಳ ದಪ್ಪದ ಒಂದು ಗೂಡು. ಅದರೊಳಗೆ ಒಂದರ ಮೇಲೊಂದಾಗಿ ಜೋಡಿಸಿದ ನಾಲ್ಕಾರು ಬಿಲ್ಲೆಗಳು. ಬಿಲ್ಲೆಗಳ ಕೆಳಗೆ ಒಂದು ಸಣ್ಣ ವಿದ್ಯುತ್ ಗುಂಡಿ. ಬೆಂಡಿನಂತಿರುವ ಆ ಬಿಲ್ಲೆಗಳು ಮಳೆಯ ನೀರನ್ನು ಹೀರಿ ಉಬ್ಬುವುವು. ಉಬ್ಬಿದಾಗ ಗುಂಡಿಯನ್ನು ಒತ್ತುವುವು. ಒತ್ತಿದೊಡನೆ ನೀರಿನ ವಾಲ್ವಿಗೆ ಹೋಗುವ ತಂತಿಯಲ್ಲಿ ವಿದ್ಯುತ್ಪ್ರವಾಹವು ಕಡಿಯುವುದು. ಟೈಮರು ತನ್ನ ಪಾಡಿಗೆ ಆರು ಗಂಟೆಗೆ ಅಪ್ಪಣೆಯನ್ನು ಕೊಡುತ್ತಲೇ ಇರುವುದು. ಅಪ್ಪಣೆಯು ವಾಲ್ವನ್ನು ಮುಟ್ಟುವುದಿಲ್ಲ. ಮಳೆ ನಿಂತು ಬಿಲ್ಲೆಗಳು ಒಣಗಿ ಕುಗ್ಗಿದ ಮೇಲೆ ತಂತಿಯು ತಾನಾಗಿ ಕೂಡಿಕೊಳ್ಳುವುದು. ಇಷ್ಟೇ ಅದರ ರಹಸ್ಯ. ಆಷಾಢದಲ್ಲಿ ದೇವರ ಕೋಣೆಯ ಹಲಸಿನ ಬಾಗಿಲು ಉಬ್ಬಿ ಹೊಸ್ತಿಲಿಗೆ ಸಿಕ್ಕಿಕೊಳ್ಳುವುದನ್ನೂ, ಮಾಗಿಯಲ್ಲಿ ಅದೇ ಬಾಗಿಲು ಸಂದುಬಿಟ್ಟು ಗಾಳಿಗೆ ಅಲ್ಲಾಡುವುದನ್ನೂ ನಾವು ತಲೆತಲಾಂತರದಿಂದ ನೋಡುತ್ತಲೇ ಬಂದಿದ್ದೇವೆ. ಜಿನೀವಾ ಪಟ್ಟಣದ ಸೊಸ್ಸೂರ್ ಎಂಬ ಪಂಡಿತನು ಮನುಷ್ಯನ ಕೂದಲು ತೇವದಿಂದ ನೀಳವಾಗುವುದನ್ನು ಕಂಡು, ಗಾಳಿಯ ತೇವವನ್ನು ಅಳೆಯುವ ಯಂತ್ರದ ವಿಚಾರವನ್ನು 1783ರಲ್ಲಿ ಪ್ರಕಟಿಸಿದನು. ಬಾಗಿಲನ್ನು ಬೈದು ಸುಮ್ಮನಾದವರು ನಾವು.

ಬೇರೆ ಬಗೆಯವೂ ಉಂಟು. ಒಂದರಲ್ಲಿ ತಕ್ಕಡಿಯಂತೆ ಎರಡು ಸಣ್ಣ ದೊನ್ನೆಗಳಿರುವುವು, 0.2 ಮಿಲ್ಲಿಮೀಟರು ಮಳೆಗೆ ಒಂದು ದೊನ್ನೆ ತುಂಬಿ ಮಗುಚುವುದು, ಆಗ ಇನ್ನೊಂದು ಮೇಲಕ್ಕೆ ಬರುವುದು. ಎಷ್ಟು ಬಾರಿ ಮಗುಚಿತೆಂಬ ಎಣಿಕೆಯೇ ಮಳೆಯ ಅಳತೆ. ಹವಾಮಾನದವರು ಅಲ್ಲಲ್ಲಿ ನಿಲ್ಲಿಸಿರುವ ಸ್ವಯಂಚಾಲಿತ ಮಳೆಮಾಪಕಗಳಲ್ಲಿ ಸಾಮಾನ್ಯವಾಗಿ ಇರುವುದು ಈ ದೊನ್ನೆಗಳೇ. ಮನೆಯ ಹಿತ್ತಿಲಿಗೆ ಬಿಲ್ಲೆಯೇ ಸಾಕು.

ಆದರೆ ಈ ಬಿಲ್ಲೆಯು ಮಳೆಯನ್ನು ಪ್ರತ್ಯಕ್ಷವಾಗಿ ಕಾಣುವುದಿಲ್ಲ, ಅನುಮಾನ ಮಾಡುವುದು ಮಾತ್ರ ಎಂಬುದನ್ನು ಮರೆಯಲಾಗದು. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ತನ್ನ ತೇವದಿಂದ ಮಳೆಯನ್ನು ಊಹಿಸುವುದು. ಹೇತುವು ದುಷ್ಟವಾದರೆ ಅನುಮಾನವೂ ದುಷ್ಟವೇ. ಉಪಕರಣವನ್ನು ಮೊದಲು ಜೋಡಿಸಿಕೊಟ್ಟವನು ಏಣಿ ಹತ್ತುವ ಆಲಸ್ಯದಿಂದ ಅದನ್ನು ಮಾಡಿನ ಅಂಚಿನ ಕೆಳಗೆ ಮೊಳೆ ಹೊಡೆದು ಹೋಗಿದ್ದನು. ಅಲ್ಲಿ ಹಂಚಿನ ತುದಿಯಿಂದ ಇಳಿಯುವ ನೀರು ಸಣ್ಣ ತುಂತುರಿಗೂ ಬಿಲ್ಲೆಯನ್ನು ತೋಯಿಸಿ, ಹನಿ ಮಳೆಯನ್ನೇ ಜಡಿಮಳೆಯೆಂದು ಸಾಧಿಸುತ್ತಿದ್ದಿತು. ತೆಂಗಿನ ಮರದ ಕೆಳಗಿಟ್ಟರೂ ಅದೇ ಪಾಡು. ಗರಿಯಿಂದ ತೊಟ್ಟಿಕ್ಕುವ ನೀರು ಮಳೆ ನಿಂತ ಎಷ್ಟೋ ಹೊತ್ತಿನ ಮೇಲೆಯೂ ನಿಲ್ಲದು. ಹನಿಯ ಬದಲು ಚಿಮ್ಮುವ ತುಂತುರು ನಳಿಕೆಗಳಿದ್ದಲ್ಲಿ ಅವುಗಳ ನೀರೇ ಬಿಲ್ಲೆಗೆ ತಾಗಿ, ಪಂಪು ತನ್ನ ನೀರನ್ನೇ ಮಳೆಯೆಂದು ನಂಬಿ ನಿಲ್ಲುವ ವಿನೋದವೂ ನಡೆಯುವುದು. ಆದುದರಿಂದ ಅದಕ್ಕೆ ತಕ್ಕ ಸ್ಥಳವೆಂದರೆ ಬಯಲಿಗೆ ತೆರೆದ, ಬಿಸಿಲು ಗಾಳಿ ಎರಡೂ ಗಿಡಗಳಿಗೆ ದೊರೆಯುವಂತೆಯೇ ಬಿಲ್ಲೆಗೂ ದೊರೆಯುವ ಎತ್ತರದ ಗೂಟ. ನಾವು ಹಿತ್ತಿಲ ನಡುವೆ ಒಂದು ಕಬ್ಬಿಣದ ಕೊಳವೆಯನ್ನು ನೆಟ್ಟು ಅದರ ತುದಿಗೆ ಕಟ್ಟಿಸಿದೆವು. ಇನ್ನೊಂದು ಮಾತು. ಈ ಗುಂಡಿಯು ವಾಲ್ವಿನ 24 ವೋಲ್ಟಿನ ತಂತಿಗೆಂದು ಮಾಡಿದುದು. ಪಂಪಿನ 230 ವೋಲ್ಟಿನ ತಂತಿಗೆ ಅದನ್ನು ನೇರವಾಗಿ ಸೇರಿಸಲೆಳಸುವವರು ಜೀವದೊಡನೆ ಆಟವಾಡುತ್ತಾರೆ. ಅಲ್ಲಿ ನಡುವೆ ರಿಲೇ ಬೇಕು, ಬಲ್ಲ ಮಿಸ್ತ್ರಿಯೇ ಬೇಕು.

ಮಳೆಯನ್ನು ಅಳೆಯುವುದು ಹೊಸಗಾಲದ ಹುಚ್ಚೆಂದು ನಗುವವರಿಗೆ ಒಂದು ಸಂಗತಿಯನ್ನು ಹೇಳಲೇಬೇಕು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿದ ತಾಳೆಯೋಲೆಯ ಕಟ್ಟೇ ಕೌಟಿಲ್ಯನ ಅರ್ಥಶಾಸ್ತ್ರ; 1909ರಲ್ಲಿ ಅದು ಅಚ್ಚಾಯಿತು. ಅದರಲ್ಲಿ, ಕೋಷ್ಠಾಗಾರದಲ್ಲಿ ಒಂದು ಅರತ್ನಿಯಗಲದ ಬಾಯುಳ್ಳ ಕುಂಡವನ್ನು ಮಳೆಯ ಅಳತೆಗಾಗಿ ಸ್ಥಾಪಿಸಬೇಕೆಂಬ ವಿಧಿಯಿದೆ. ಕೃಷಿಯ ಅಧಿಕಾರಿಯಾದ ಸೀತಾಧ್ಯಕ್ಷನ ಪ್ರಕರಣದಲ್ಲಿ ಯಾವ ಯಾವ ದೇಶಕ್ಕೆ ಎಷ್ಟೆಷ್ಟು ದ್ರೋಣ ಮಳೆಯೆಂಬ ಪಟ್ಟಿಯಿದೆ: ಜಾಂಗಲ ಭೂಮಿಗೆ 16, ಅನೂಪ ಭೂಮಿಗೆ 24, ಅವಂತಿಗೆ 23. ಅಪರಾಂತಕ್ಕೆ ಬಂದಾಗ ಮಾತ್ರ ಅಷ್ಟು ಲೆಕ್ಕಾಚಾರದ ಗ್ರಂಥಕಾರನೂ ಅಂಕೆಯನ್ನು ಕೈಬಿಟ್ಟು ‘ಅಮಿತ’ವೆಂದು ಬರೆದುಬಿಟ್ಟಿದ್ದಾನೆ. ಅಪರಾಂತವೆಂದರೆ ಸಹ್ಯಾದ್ರಿಗೂ ಪಡುಗಡಲಿಗೂ ನಡುವಣ ಕರಾವಳಿ. ಆ ಮಾತನ್ನು ಓದಿದಾಗಲೆಲ್ಲ ನನಗೆ ನಮ್ಮ ಆಷಾಢವೇ ನೆನಪಿಗೆ ಬರುವುದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಒಂದು ಹಸ್ತದಗಲದ ಕುಂಡವನ್ನೇ ಹೇಳಿ, ಅದರಲ್ಲಿ ಕೂಡಿದ ನೀರು 50 ಪಲವಾದರೆ ಒಂದು ಆಢಕ, ನಾಲ್ಕು ಆಢಕವಾದರೆ ಒಂದು ದ್ರೋಣ ಎಂದು ಗಣಿಸಿದ್ದಾನೆ. ಪಲವೆಂಬುದು ತೂಕ. ಕುಂಡದ ಹೊಟ್ಟೆಯು ಓರೆಯಾಗಿದ್ದರೆ ನೀರಿನ ಆಳವನ್ನು ಕೋಲಿನಿಂದ ಅಳೆದು ಪ್ರಯೋಜನವಿಲ್ಲ. ತೂಗಿದರೆ ಮಾತ್ರ ನಿಜವು ದೊರೆಯುವುದು. ಬಾಯಿಯಿಂದ ತಳದವರೆಗೆ ನೆಟ್ಟನೆಯ ಗೋಡೆಯಿರುವ ಡಬ್ಬಿಯಾದರೆ ಅಳತೆಕೋಲೇ ಸಾಕು, ಬಾಯಿ ಎಷ್ಟು ಅಗಲವಾದರೂ ಸರಿಯೇ. ಕೊರಿಯಾ ದೇಶದ ಸೆಜೋಂಗ್ ಎಂಬ ಅರಸನ ಕಾಲದಲ್ಲಿ, 1441ರಲ್ಲಿ, ಇಂಥ ನೆಟ್ಟನೆಯ ಪಾತ್ರೆಯನ್ನೇ ಮಾಡಿಸಿ ನಾಡಿನ ಅಧಿಕಾರಿಗಳಿಂದ ಮಳೆಯನ್ನು ಅಳೆಯಿಸತೊಡಗಿದರು.

“ಅಮಿತವಾಗಿ ಮಳೆ ಬೀಳುವ ಊರಿನಲ್ಲಿ ನೀರಿನ ಉಳಿತಾಯವೇಕೆ?” ಎಂದು ನನ್ನ ಬಾಲ್ಯಸ್ನೇಹಿತರೊಬ್ಬರು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ನಮ್ಮಲ್ಲಿ ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ. 2022ರ ಆಗಸ್ಟ್ ತಿಂಗಳ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ಹಗಲಿರುಳಿನಲ್ಲಿ 500 ಮಿಲ್ಲಿಮೀಟರನ್ನು ಮೀರಿ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಪ್ರಾಣ ನೀಗಿದರು. ಆ ನಾಲ್ಕು ತಿಂಗಳು ಯಾರೂ ನೀರು ಬಿಡುವುದಿಲ್ಲ, ಪೆಟ್ಟಿಗೆಯನ್ನೇ ನಿಲ್ಲಿಸಿಬಿಡುವರು. ಬಿಲ್ಲೆಯ ಪ್ರಯೋಜನವಿರುವುದು ಕಾಲಗಳ ಸಂಧಿಗಳಲ್ಲಿ. ಚಿತ್ತೆಯಿಂದ ವಿಶಾಖೆಯವರೆಗೆ ಒಂದು ಸಂಧಿ, ಅಶ್ವಿನಿಯಿಂದ ಕೃತ್ತಿಕೆಯವರೆಗೆ ಇನ್ನೊಂದು. ಇವುಗಳಲ್ಲಿ ಇಂದು ಉರಿಬಿಸಿಲು, ನಾಳೆ ಗುಡುಗು, ನಾಡಿದ್ದು ಮತ್ತೆ ಬಿಸಿಲು. 2021ರ ಮೇ ನಡುವಿನಲ್ಲಿ ತೌಕ್ತೆ ಎಂಬ ಚಂಡಮಾರುತವು ಕಡಲ ಕರೆಯನ್ನು ಬಡಿಯುತ್ತ ಹೋದಾಗ ಬೇಸಗೆಯ ನಡುವೆಯೇ ಮಳೆಗಾಲವಾಯಿತು. ಆಗ ವಿದ್ಯುತ್ತೂ ಇರಲಿಲ್ಲವೆನ್ನಿ. ಮೊದಲ ಹನಿ ಬೀಳುವ ಮೊದಲೇ ದೀಪವಾರುವ ನಮ್ಮ ಹಳ್ಳಿಗಳಲ್ಲಿ ಬೇರೆ ಸೆನ್ಸಾರೇ ಬೇಡವೆಂದು ಹಾಸ್ಯ ಮಾಡುವವರಿದ್ದಾರೆ. ಆದರೆ ಈಚೆಗೆ ಪೆಟ್ಟಿಗೆಗಳಿಗೆ ಬ್ಯಾಟರಿಯೂ ಪಂಪುಗಳಿಗೆ ಸೌರವಿದ್ಯುತ್ತೂ ಬಂದಿರುವುದರಿಂದ ಆ ರಕ್ಷಣೆಯನ್ನೂ ನಂಬುವಂತಿಲ್ಲ.

ನನ್ನ ಮಿತ್ರರ ಪ್ರಶ್ನೆಗೆ ಇನ್ನೊಂದು ಉತ್ತರವು ಬಾವಿಯಲ್ಲಿದೆ. ತೆಂಗಿನಗುಂಡಿಯ ಕಡೆಗೆ ಹೋದಂತೆ ನಮ್ಮ ಬಾವಿಗಳ ಸಿಹಿನೀರು ಕಡಲ ಉಪ್ಪುನೀರಿನ ಮೇಲೆ ತೇಲುತ್ತಿರುವುದು. ಸಿಹಿನೀರು ಹಗುರ, ಉಪ್ಪುನೀರು ಭಾರ. ಘೈಬೆನ್ ಮತ್ತು ಹೆರ್ಟ್ಸ್‌ಬರ್ಗ್ ಎಂಬಿಬ್ಬರು ಯುರೋಪಿನ ಕಡಲತೀರಗಳಲ್ಲಿ ಕಂಡುಕೊಂಡ ನಿಯಮವೇನೆಂದರೆ, ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿಗಳವರೆಗೆ ಸಿಹಿನೀರೇ ಇರುವುದು. ಇದರ ಮಗ್ಗುಲನ್ನೂ ನೋಡಬೇಕು: ಮೇಲಿನ ಒಂದು ಅಡಿಯು ಶಾಶ್ವತವಾಗಿ ಇಳಿದರೆ ಕೆಳಗಿನ ಉಪ್ಪು 40 ಅಡಿ ಮೇಲಕ್ಕೇರಬಲ್ಲದು. ಏಪ್ರಿಲಿನಲ್ಲಿ ಗುಡುಗಿನ ಮಳೆ ಬಂದ ಮರುದಿನ ವ್ಯರ್ಥವಾಗಿ ಎತ್ತಿ ಚೆಲ್ಲಿದ ನೀರು ಮೇ ತಿಂಗಳ ಕುಡಿಯುವ ನೀರು. ಒಂದು ಬಾವಿಯಲ್ಲಿ ಉಪ್ಪು ಸೇರಿದರೆ ಪಕ್ಕದ ಬಾವಿಯು ಅದಕ್ಕೆ ಹೊರತಾಗಿ ಉಳಿಯುವುದಿಲ್ಲ. ಬೇಲಿಯು ನೆಲದ ಮೇಲೆ ಮಾತ್ರ. ನಮ್ಮಂತೆಯೇ ಕಡಲು ಸುತ್ತಿದ ಮರಳುನೆಲವಾದ ಅಮೇರಿಕದ ಫ್ಲಾರಿಡಾ ಪ್ರಾಂತ್ಯದಲ್ಲಿ, ಸ್ವಯಂಚಾಲಿತ ನೀರಾವರಿಗೆ ಮಳೆಯನ್ನರಿಯುವ ಉಪಕರಣವು ಇರಲೇಬೇಕೆಂದು 1991ರಲ್ಲಿಯೇ ಕಾನೂನಾಯಿತು. ಅದೂ ಮಳೆ ಕಡಮೆಯ ನಾಡಲ್ಲ.

ಬಿಲ್ಲೆಯನ್ನು ಎಷ್ಟು ಮಳೆಗೆ ಎಚ್ಚರಗೊಳ್ಳುವಂತೆ ಇಡಬೇಕೆಂಬುದು ಬುದ್ಧಿವಂತರ ಕೆಲಸ. ಗೂಡಿನ ತಲೆಯನ್ನು ತಿರುಗಿಸಿ 3 ಮಿಲ್ಲಿಮೀಟರಿನಿಂದ 25ರವರೆಗೆ ಬೇಕಾದಲ್ಲಿ ನಿಲ್ಲಿಸಬಹುದು. ಇದಕ್ಕೆ ಒಂದು ಸುಲಭದ ಗಣಿತವಿದೆ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲ್ಲಿಮೀಟರು ಮಳೆಯೆಂದರೆ ಸರಿಯಾಗಿ ಒಂದು ಲೀಟರು ನೀರು. ಮಲ್ಲಿಗೆಯ ಪಾತಿಯು ಒಂದು ಚದರ ಮೀಟರಾದರೆ 10 ಮಿಲ್ಲಿಮೀಟರಿಗೆ 10 ಲೀಟರು, ಸುಮಾರು ಒಂದು ಕೊಡಪಾನ. ಅಡಿಕೆಯ ಮರಕ್ಕೆ ಬಂದರೆ, 2.7 ಮೀಟರು ಅಂತರದಲ್ಲಿ ನೆಟ್ಟ ಮರದ ಪಾಲಿಗೆ ಏಳೂಕಾಲು ಚದರ ಮೀಟರು ನೆಲ. ಅದೇ ಮಳೆಗೆ 73 ಲೀಟರು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾಲಯದವರು ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರು ಸಾಕೆನ್ನುವರು. ಲೆಕ್ಕಕ್ಕೆ ನಾಲ್ಕು ದಿನದ ನೀರಾಯಿತು. ಸೋಗೆಯ ಮೇಲೆ ಉಳಿದುದು, ಇಳಿಜಾರಿನಲ್ಲಿ ಹರಿದುದು ಎಲ್ಲವನ್ನೂ ಕಳೆದರೂ ಎರಡು ದಿನ ಪಂಪು ಮಲಗಬಹುದು. ಆದರೆ 3 ಮಿಲ್ಲಿಮೀಟರು ತುಂತುರು ಎಲೆಯನ್ನು ತೊಳೆದೀತೇ ಹೊರತು ಬೇರನ್ನು ಮುಟ್ಟದು. ಅಷ್ಟಕ್ಕೆಲ್ಲ ನೀರು ನಿಲ್ಲಿಸಿದರೆ ಅತಿವೃಷ್ಟಿಯ ಭಯದಿಂದ ಅನಾವೃಷ್ಟಿಯನ್ನು ತಂದಂತಾಗುವುದು. ನೆರೆಯಾಕೆಯ ಹಿತ್ತಿಲಿನಲ್ಲಿ ಮೊದಲು 12ರಲ್ಲಿಟ್ಟು ನೋಡಿ, ಕೊನೆಗೆ 6ಕ್ಕೆ ಇಳಿಸಿದೆವು. ಅಲ್ಲಿಯ ಮಣ್ಣು ನೀರನ್ನು ಹಿಡಿದಿಡುವ ಜಾತಿ. ಕಡಲ ಬದಿಯ ಮರಳಿಗೆ ಬೇರೆಯೇ ಲೆಕ್ಕ.

ಬಿಲ್ಲೆಯು ಆಕಾಶದಿಂದ ಬಿದ್ದುದನ್ನು ಬಲ್ಲುದೇ ಹೊರತು ನೆಲದಲ್ಲಿ ಉಳಿದುದನ್ನು ಬಲ್ಲುದಲ್ಲ. ನೆಲದ ತೇವವನ್ನೇ ಅಳೆಯುವ ಉಪಕರಣಗಳೂ ಉಂಟು. ಒಂದರಲ್ಲಿ ನೀರು ತುಂಬಿದ ಕೊಳವೆಯ ತುದಿಗೆ ಸುಟ್ಟ ಜೇಡಿಯ ಬಟ್ಟಲಿದ್ದು, ಮಣ್ಣು ಒಣಗಿದಂತೆ ಆ ನೀರನ್ನು ಹೀರಲೆಳಸುವ ಬಲವನ್ನು ಮೇಲಿನ ಮುಳ್ಳು ತೋರಿಸುವುದು. ದೊಡ್ಡ ತೋಟದವರು ಅದನ್ನು ಇಟ್ಟುಕೊಳ್ಳುವುದು ಒಳಿತು. ಸಣ್ಣ ಹಿತ್ತಿಲಿನವರಿಗೆ, ವಾರಕ್ಕೊಮ್ಮೆ ಬುಡದ ಮಣ್ಣಿನೊಳಕ್ಕೆ ಬೆರಳಿಳಿಸುವ ಹಳೆಯ ಪದ್ಧತಿಗೆ ಸಮನಾದುದು ಇನ್ನೂ ಬಂದಿಲ್ಲವೆಂದು ನನ್ನ ಅಭಿಪ್ರಾಯ. ನನ್ನ ಮಗನು ಈ ಅಭಿಪ್ರಾಯವನ್ನು ಒಪ್ಪುವುದಿಲ್ಲ. ಬೆರಳೂ ಒಂದು ಸೆನ್ಸಾರೇ, ಆದರೆ ಬೆಂಗಳೂರಿನಿಂದ ಅದನ್ನು ಚಾಚಲಾಗದೆಂದು ಅವನ ವಾದ.

ಕಳೆದ ಕಾರ್ತಿಕದಲ್ಲಿ ಬಿಲ್ಲೆಯು ತನ್ನ ಕೆಲಸವನ್ನು ಮಾಡಿತು. ಮಳೆ ಬಂದ ಮರುದಿನ ಬೆಳಗ್ಗೆ ಪಂಪು ಮೌನವಾಗಿರುವುದನ್ನು ಕೇಳಿ, ಅಂದರೆ ಕೇಳದೆ, ಆಕೆಯು ಮೊದಮೊದಲು ಗಾಬರಿಯಾಗುತ್ತಿದ್ದಳು. “ಕೆಟ್ಟೋಯ್ತೋ ಏನೋ ಮಾಸ್ತರೇ” ಎಂದು ಎರಡು ಸಲ ಬೇಲಿಯ ಬಳಿಗೆ ಬಂದುದೂ ಉಂಟು. ನಿಜವಾಗಿ ಕೆಟ್ಟುದು ಪುಷ್ಯದಲ್ಲಿ, ಒಂದು ಹನಿ ಮಳೆಯಿಲ್ಲದಾಗ. ಮೂರು ದಿನ ವಾಲ್ವು ತೆರೆಯದಿರಲು ಗೂಡನ್ನು ಬಿಚ್ಚಿ ನೋಡಿದರೆ, ಬಿಲ್ಲೆಗಳ ಸಂದಿನಲ್ಲಿ ಕೆಂಪಿರುವೆಗಳು ಮೊಟ್ಟೆಗಳೊಡನೆ ಸಂಸಾರ ಹೂಡಿ, ಮಣ್ಣು ತುಂಬಿ, ಗುಂಡಿಯನ್ನು ಒತ್ತಿಹಿಡಿದಿದ್ದುವು. ಕಡಲ ಗಾಳಿಯ ಉಪ್ಪಿನಿಂದ ತಂತಿಯ ತುದಿಗಳಿಗೂ ಹಸಿರು ಕಿಲುಬು ಹಿಡಿದಿದ್ದಿತು. ಒರಸಿ, ಎಣ್ಣೆ ಸವರಿ, ಮತ್ತೆ ಕೂಡಿಸಿದೆವು. ಈಗ ಆಕೆಯೇ ಹುಣ್ಣಿಮೆಗೊಮ್ಮೆ ಅದನ್ನು ಬಿಚ್ಚಿ ಊದಿ ಇಡುತ್ತಾಳೆ. ಟೈಮರಿನ ಬೀಗದ ಅಂಕೆಗಳನ್ನೂ ನನಗಿಂತ ಚುರುಕಾಗಿ ಒತ್ತುತ್ತಾಳೆ.

ಸತ್ತ ಒಂಬತ್ತು ಗಿಡಗಳ ಗುಳಿಗಳಲ್ಲಿ ಆರಕ್ಕೆ ಹೊಸ ಗಿಡಗಳನ್ನು ನೆಟ್ಟು ಅವು ಚಿಗುರಿವೆ. ಉಳಿದ ಮೂರು ಗುಳಿಗಳು ಕೆಳಗಣ ಪಾತಿಯವು. ಅಲ್ಲಿ ಎರಡಡಿಯಲ್ಲಿಯೇ ಚಿರೇಕಲ್ಲಿನ ಪದರವು ಸಿಕ್ಕುವುದರಿಂದ, ಪೆಟ್ಟಿಗೆಯು ಸುಮ್ಮನಿದ್ದರೂ ಮಳೆಯ ನೀರೇ ಇಳಿಯಲು ದಾರಿಯಿಲ್ಲದೆ ನಿಲ್ಲುವುದು. ಬಸಿಗಾಲುವೆಯನ್ನು ತೆಗೆಯದೆ ಅಲ್ಲಿ ಗಿಡವನ್ನು ನೆಡಕೂಡದೆಂದು ಹೇಳಿದ್ದೇನೆ. ಅಗೆಯುವ ಆಳು ಈ ವಾರ ಬರುವೆನೆಂದಿದ್ದಾನೆ.